ಪಿಯಾನೋ ಕೊಳ್ಳುವ ಮುನ್ನ



ಸೈಕಲ್ ಕೊಳ್ಳಲು ಹೋದರೆ ನಾವು ಅದನ್ನು ಒಂದು ಸುತ್ತು ಓಡಿಸಿ ನೋಡುತ್ತೇವೆ. ಮಾವಿನಹಣ್ಣು ಕೊಳ್ಳುವಾಗ ತೊಟ್ಟಿನ ಬಳಿ ಮೂಸಿ ನೋಡುತ್ತೇವೆ. ಆದರೆ ಪಿಯಾನೋ ಕೊಳ್ಳುವ ಎಷ್ಟೋ ಮನೆಗಳವರು ಮೊದಲು ನೋಡುವುದು ಅದರ ಮೆರುಗನ್ನು, ಆಮೇಲೆ ಮುಚ್ಚಳದ ಮೇಲಿನ ಹೆಸರನ್ನು, ಕೊನೆಗೆ ಬೆಲೆಯನ್ನು. ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡುವವರು ಕಡಿಮೆ. ಈ ವಾದ್ಯಕ್ಕೆ ಸುರಿಯುವ ಹಣ ಸಣ್ಣದಲ್ಲ. ಅನೇಕ ವೇಳೆ ಅದು ನಿಮ್ಮ ಓದಿಗೆಂದು ತಂದೆತಾಯಿ ಕೂಡಿಟ್ಟ ಹಣವೇ ಆಗಿರುತ್ತದೆ. ಆದ್ದರಿಂದ ಆಯ್ಕೆಯ ಹೊಣೆಯಲ್ಲಿ ನಿಮಗೂ ಪಾಲಿದೆ. ಪ್ರೌಢಶಾಲೆಯಲ್ಲೂ ಪಿ.ಯು.ಸಿ.ಯಲ್ಲೂ ನೀವು ಕಲಿತ ಭೌತಶಾಸ್ತ್ರವೇ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ ಎಂಬುದನ್ನು ಇಂದು ನೋಡೋಣ.

ಮೊದಲು ವಾದ್ಯದ ಪರಿಚಯ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ 1700ರ ಸುಮಾರಿಗೆ ಇದನ್ನು ರೂಪಿಸಿದ. ಅದಕ್ಕೂ ಮುಂಚೆ ಇದ್ದ ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಬೆರಳನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಮೀಟುವುದನ್ನು ಬಿಟ್ಟು ಪುಟ್ಟ ಸುತ್ತಿಗೆಯಿಂದ ತಂತಿಯನ್ನು ಹೊಡೆಯುವ ಏರ್ಪಾಡು ಮಾಡಿದ. ಬೆರಳಿನ ಬಲವೇ ದನಿಯ ಬಲವಾಯಿತು. ಇಟಾಲಿಯನ್ ಭಾಷೆಯಲ್ಲಿ 'ಪಿಯಾನೋ' ಎಂದರೆ ಮೆದು, 'ಫೋರ್ಟೆ' ಎಂದರೆ ಜೋರು. ಎರಡನ್ನೂ ಬಲ್ಲ ವಾದ್ಯವೆಂದು ಬಂದ ಹೆಸರಿನಲ್ಲಿ ಈಗ ಮೊದಲರ್ಧ ಮಾತ್ರ ಬಳಕೆಯಲ್ಲಿ ಉಳಿದಿದೆ.

ಈಗಿನ ಪಿಯಾನೋದಲ್ಲಿ 88 ಕೀಗಳಿವೆ. 52 ಬಿಳಿ, 36 ಕರಿ. ತಂತಿಗಳು ಮಾತ್ರ ಸುಮಾರು 230. ಮಂದ್ರದ ಕೊನೆಯಲ್ಲಿ ಒಂದು ಸ್ವರಕ್ಕೆ ಒಂದೇ ದಪ್ಪ ತಂತಿ, ಅನಂತರ ಎರಡೆರಡು, ಮೇಲಕ್ಕೆ ಹೋದಂತೆ ಮೂರು ಮೂರು. ಪ್ರತಿಯೊಂದು ತಂತಿಯನ್ನೂ ಬಿಗಿದಾಗ ಒಟ್ಟು ಎಳೆತ 16ರಿಂದ 20 ಟನ್ನಿನಷ್ಟಾಗುತ್ತದೆ. ಜಂಬೂಸವಾರಿಯಲ್ಲಿ ಅಂಬಾರಿ ಹೊರುವ ಆನೆಯ ತೂಕ ಸುಮಾರು ಐದು ಟನ್. ಅಂಥ ಮೂರು ನಾಲ್ಕು ಆನೆಗಳ ಭಾರಕ್ಕೆ ಸಮನಾದ ಎಳೆತವನ್ನು ಆ ಪೆಟ್ಟಿಗೆ ಹಗಲೂ ರಾತ್ರಿ ತಡೆದುಕೊಂಡು ನಿಂತಿರುತ್ತದೆ. ಮರದ ಚೌಕಟ್ಟಿಗೆ ಇದು ಸಾಧ್ಯವಿಲ್ಲ. ಅಮೆರಿಕದ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ 1825ರಲ್ಲಿ ಎರಕದ ಕಬ್ಬಿಣದ ಇಡೀ ಚೌಕಟ್ಟಿಗೆ ಪೇಟೆಂಟ್ ಪಡೆದ. ಪಿಯಾನೋ ಅಷ್ಟೊಂದು ಭಾರವಿರುವುದಕ್ಕೆ ಈ ಕಬ್ಬಿಣವೇ ದೊಡ್ಡ ಕಾರಣ.

ಗೋಡೆಗೆ ಒತ್ತಿ ನಿಲ್ಲಿಸುವ ಅಪ್‌ರೈಟ್, ನೆಲಕ್ಕೆ ಸಮಾನಾಂತರವಾಗಿ ಚಾಚಿಕೊಳ್ಳುವ ಗ್ರ್ಯಾಂಡ್ - ಹೀಗೆ ಎರಡು ಜಾತಿ. ನಮ್ಮ ಮನೆಗಳಿಗೆ ಒಗ್ಗುವುದು ಅಪ್‌ರೈಟ್. ಅದರಲ್ಲೂ ಗಿಡ್ಡ ಯಾವುದು, ಎತ್ತರದ್ದು ಯಾವುದು ಎಂಬುದು ಬರೀ ಅಂದದ ಪ್ರಶ್ನೆಯಲ್ಲ. ಸೋನೋಮೀಟರ್ ಪ್ರಯೋಗವನ್ನು ನೆನಪಿಸಿಕೊಳ್ಳಿ. ತಂತಿಯ ಉದ್ದ ಇಮ್ಮಡಿಯಾದರೆ ಆವೃತ್ತಿ ಅರ್ಧವಾಗುತ್ತದೆ, ಅಂದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಪಿಯಾನೋದ ಅತಿ ಮೇಲಿನ ಸ್ವರದ ತಂತಿ ಸುಮಾರು 5 ಸೆಂಟಿಮೀಟರ್. ಅಲ್ಲಿಂದ ಏಳು ಸ್ಥಾಯಿ ಇಳಿಯಲು ಉದ್ದವನ್ನೇ ಏಳು ಸಲ ಇಮ್ಮಡಿಸಿದರೆ 640 ಸೆಂಟಿಮೀಟರ್ ಆಗುತ್ತದೆ. ಆರು ಮೀಟರಿಗೂ ಉದ್ದದ ಪಿಯಾನೋವನ್ನು ಯಾವ ಮನೆಯಲ್ಲಿ ಇಡುವುದು? ಅದಕ್ಕೇ ತಯಾರಕರು ಮಂದ್ರದ ಉಕ್ಕಿನ ತಂತಿಗೆ ತಾಮ್ರದ ತಂತಿ ಸುತ್ತಿ ಅದನ್ನು ಭಾರವಾಗಿಸುತ್ತಾರೆ. ಚಿಕ್ಕದಿದ್ದರೂ ನಿಧಾನವಾಗಿ ಕಂಪಿಸುತ್ತದೆ. ಆದರೆ ತಂತಿ ಗಿಡ್ಡವಾಗಿ ದಪ್ಪವಾದಷ್ಟೂ ಅದು ತಂತಿಯ ಗುಣ ಕಳೆದುಕೊಂಡು ಸರಳಿನ ಗುಣ ಪಡೆಯುತ್ತದೆ. ಮೂಲಸ್ವರದ ಜೊತೆ ಹುಟ್ಟುವ ಉಪಸ್ವರಗಳು ಎರಡರಷ್ಟು, ಮೂರರಷ್ಟು ಎಂಬ ಲೆಕ್ಕ ತಪ್ಪಿ ಸ್ವಲ್ಪ ಮೇಲೆ ಸರಿಯುತ್ತವೆ, ನಾದ ಮಂಕಾಗುತ್ತದೆ. ಆದ್ದರಿಂದ 110 ಸೆಂಟಿಮೀಟರಿನ ಪಿಯಾನೋಗಿಂತ 121 ಅಥವಾ 131 ಸೆಂಟಿಮೀಟರಿನದರ ಮಂದ್ರ ತುಂಬಿಕೊಂಡು ಕೇಳುತ್ತದೆ. ಜಾಗವೂ ಹಣವೂ ಅನುಮತಿಸಿದರೆ ಎತ್ತರದ್ದನ್ನೇ ಆರಿಸಿ.

ಹೊಸದು ಕೊಳ್ಳುವವರಿಗೆ ಗೊಂದಲ ಕಡಿಮೆ. ಜಪಾನಿನ ಯಮಾಹಾ, ಕವಾಯ್ ಕಂಪನಿಗಳೆರಡೂ ಹಮಾಮಾತ್ಸು ಎಂಬ ಒಂದೇ ಊರಿನವು. ಇವಲ್ಲದೆ ಯೂರೋಪ್, ಕೊರಿಯಾ, ಚೀನಾ ದೇಶಗಳ ಪಿಯಾನೋಗಳೂ ಸಿಗುತ್ತವೆ. ಹೊಸ ಅಪ್‌ರೈಟಿನ ಬೆಲೆ ಹಲವು ಲಕ್ಷ ರೂಪಾಯಿ. ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಪಿಯಾನೋಗಳಿದ್ದರೆ ಎರಡನ್ನೂ ನುಡಿಸಿ ನೋಡಿ. ಮರ ಎರಡು ಸಲ ಒಂದೇ ರೀತಿ ಬೆಳೆಯುವುದಿಲ್ಲ. ಎರಡರ ನಾದದಲ್ಲಿ ವ್ಯತ್ಯಾಸವಿದ್ದರೆ ಅಚ್ಚರಿಪಡಬೇಡಿ. ಖಾತರಿ ಎಷ್ಟು ವರ್ಷ, ಮೊದಲ ಶ್ರುತಿ ಯಾರ ಖರ್ಚು, ಸಾಗಣೆ ಯಾರ ಹೊಣೆ - ಈ ಮೂರನ್ನೂ ಬರೆಸಿಕೊಳ್ಳಿ.

ಹಳೆಯದನ್ನು ಕೊಳ್ಳುವಾಗಲೇ ನಿಜವಾದ ಪರೀಕ್ಷೆ. ಒಂದು ಟಾರ್ಚ್ ಜೊತೆಗಿರಲಿ. ಮಾಲೀಕರ ಅನುಮತಿ ಪಡೆದು ಮೇಲಿನ ಮುಚ್ಚಳ, ಮುಂದಿನ ಹಲಗೆ, ಕೆಳಗಿನ ಹಲಗೆ ತೆಗೆಸಿ. ಮೊದಲು ಕಬ್ಬಿಣದ ಚೌಕಟ್ಟು ನೋಡಿ. ಅದು ಮೇಲಿನಿಂದ ಕೆಳಗಿನವರೆಗೆ ಪೂರ್ತಿಯಾಗಿದೆಯೆ? ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಮಂದ್ರದ ತಂತಿಗಳು ಉಳಿದ ತಂತಿಗಳ ಮೇಲೆ ಅಡ್ಡ ಹಾದುಹೋಗಿದ್ದರೆ ಒಳ್ಳೆಯ ಲಕ್ಷಣ. ಎಲ್ಲ ತಂತಿಗಳೂ ನೆಟ್ಟಗೆ ಇಳಿದಿದ್ದು, ದನಿ ಅಡಗಿಸುವ ಡ್ಯಾಂಪರುಗಳು ಸುತ್ತಿಗೆಗಳ ಮೇಲ್ಗಡೆ ತಂತಿಪಂಜರದಂತೆ ಕಂಡರೆ ಅದು ತುಂಬ ಹಳೆಯ ವಿನ್ಯಾಸ, ಕಲಿಯುವವರಿಗೆ ತಕ್ಕುದಲ್ಲ.

ಎರಡನೆಯದು ಬಿರಡೆ. ವೀಣೆಯಲ್ಲಿರುವಂತೆ ಇಲ್ಲಿಯೂ ಪ್ರತಿ ತಂತಿಗೊಂದು ಬಿರಡೆ ಇದೆ, ಉಕ್ಕಿನದು. ಅದನ್ನು ಗಟ್ಟಿಮರದ ದಪ್ಪ ಹಲಗೆಯೊಂದು ಬರೀ ಘರ್ಷಣೆಯಿಂದ ಹಿಡಿದಿಟ್ಟಿರುತ್ತದೆ. ಆ ಮರ ಒಣಗಿ ಸೀಳಿದರೆ ಬಿರಡೆ ಸಡಿಲವಾಗುತ್ತದೆ. ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಇರುವುದಿಲ್ಲ. ಪಿಯಾನೋಕ್ಕೆ ಬರುವ ರೋಗಗಳಲ್ಲಿ ಇದು ಬಹಳ ದುಬಾರಿಯಾದದ್ದು.

ಮೂರನೆಯದು ಸೌಂಡ್‌ಬೋರ್ಡ್. ತಂತಿ ತಾನೇ ತಾನಾಗಿ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಹಿಂದಿರುವ ಸ್ಪ್ರೂಸ್ ಮರದ ತೆಳು ಹಲಗೆ ಆ ಕಂಪನವನ್ನು ಪಡೆದು ಕೋಣೆಗೆ ಹಂಚುತ್ತದೆ. ಪಿಯಾನೋದ ಬೆನ್ನಿನ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ಸಣ್ಣ ಸೀಳು ಇದ್ದ ಮಾತ್ರಕ್ಕೆ ವಾದ್ಯ ಕೆಟ್ಟಿತೆಂದಲ್ಲ. ನುಡಿಸಿದಾಗ ಜಿರ್ರೆನ್ನುವ ಸದ್ದು ಬಂದರೆ, ಹಿಂದಿನ ಪಟ್ಟಿಗಳಿಂದ ಹಲಗೆ ಬಿಟ್ಟುಕೊಂಡಿದ್ದರೆ ಮಾತ್ರ ಯೋಚಿಸಬೇಕು.

ನಾಲ್ಕನೆಯದು ಸುತ್ತಿಗೆಗಳು. ಉಣ್ಣೆಯ ಫೆಲ್ಟಿನ ಮೇಲೆ ತಂತಿಯ ಗುರುತು ಬೀಳುವುದು ಸಹಜ. ಆಳವಾದ ಕಾಲುವೆಗಳಾಗಿದ್ದರೆ ಸವೆದಿವೆ ಎಂದರ್ಥ. ಉಣ್ಣೆಯೆಂದರೆ ನುಸಿಗೆ ಹಬ್ಬ. ಕೆಳಗಿನ ಹಲಗೆಯ ಹಿಂದೆ ಇಲಿಯ ಹಿಕ್ಕೆ, ಗೆದ್ದಲಿನ ಮಣ್ಣು ಇದೆಯೇ ನೋಡಿ. ಆಮೇಲೆ 88 ಕೀಗಳನ್ನೂ ಒಂದೊಂದಾಗಿ, ಮೊದಲು ಮೆಲ್ಲಗೆ, ಅನಂತರ ಜೋರಾಗಿ ಒತ್ತಿ. ಒಂದನ್ನೂ ಬಿಡಬೇಡಿ. ಒತ್ತಿದ ಕೀ ಮೇಲೇಳದಿದ್ದರೆ, ಮಂದ್ರದ ತಂತಿ ನಾದ ಕೊಡುವ ಬದಲು ಡಬ್ಬ ಬಡಿದಂತೆ ಸದ್ದು ಮಾಡಿದರೆ ಬರೆದಿಟ್ಟುಕೊಳ್ಳಿ. ಒಂದೇ ಸ್ವರದ ಮೂರು ತಂತಿಗಳು ಕೂಡಿರದಿದ್ದರೆ ದನಿ ಅಲೆಯಲೆಯಾಗಿ ಏರಿಳಿಯುತ್ತದೆ. ನಿಮ್ಮ ಪಠ್ಯದಲ್ಲಿ ಬರುವ ಬೀಟ್ಸ್ ಅದೇ. ಅದೊಂದೇ ದೋಷವಾದರೆ ಶ್ರುತಿ ಮಾಡಿಸಿದಾಗ ಸರಿಹೋಗುತ್ತದೆ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಇಡೀ ಪಿಯಾನೋ ಎಷ್ಟು ಇಳಿದಿದೆ ಎಂಬುದು. ಮಧ್ಯಸ್ಥಾಯಿಯ 'ಎ' ಸ್ವರ ಸೆಕೆಂಡಿಗೆ 440 ಕಂಪನವಿರಬೇಕು. ಮೊಬೈಲಿನ ಶ್ರುತಿ ತೋರಿಸುವ ಆ್ಯಪ್ ಇದನ್ನು ಹೇಳಿಬಿಡುತ್ತದೆ. ಕಾಲೇಜು ಪ್ರಯೋಗಾಲಯದ 512ರ ಶ್ರುತಿಕವೆಯನ್ನು ಒಯ್ದು ಹೋಲಿಸಬೇಡಿ. ಆ ಕವೆ 'ಸಿ' ಸ್ವರವನ್ನು 512 ಎಂದು ಹಿಡಿಯುವ ಬೇರೆಯೇ ಪದ್ಧತಿಯದು. 440ಕ್ಕೆ ಕೂಡಿಸಿದ ಪಿಯಾನೋದಲ್ಲಿ ಅದೇ 'ಸಿ' ಸುಮಾರು 523 ಇರುತ್ತದೆ. ಒಳ್ಳೆಯ ಪಿಯಾನೋವನ್ನು ಸುಮ್ಮನೆ ಅನುಮಾನಿಸಿದಂತಾದೀತು.

ಇಳಿದ ಶ್ರುತಿಯ ಅರ್ಥವೇನು ಎಂಬುದಕ್ಕೆ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಪಿಯಾನೋ ಪರೀಕ್ಷೆಗಳಿಗೆ ಕಟ್ಟುತ್ತಿದ್ದ ಪಿ.ಯು.ಸಿ. ಹುಡುಗಿಯೊಬ್ಬಳ ತಂದೆ, ನಿವೃತ್ತ ಗುಮಾಸ್ತರು, ಬೆಂಗಳೂರು ದಂಡು ಪ್ರದೇಶದ ಒಂದು ಹಳೆಯ ಬಂಗಲೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಪಿಯಾನೋ ನೋಡಲು ದೇವರ ಮಂಟಪದಂತಿತ್ತು. ಕೆತ್ತನೆ, ಮೇಣದ ಬತ್ತಿಗೆ ಹಿತ್ತಾಳೆಯ ತೋಳುಗಳು, ಚಿನ್ನದ ಬಣ್ಣದಲ್ಲಿ ಜರ್ಮನ್ ಹೆಸರು. ದಲ್ಲಾಳಿ "ಇವತ್ತೇ ಅಡ್ವಾನ್ಸ್ ಕೊಟ್ಟುಬಿಡಿ ಸಾರ್, ನಾಳೆ ಇನ್ನೊಬ್ಬರು ಬರ್ತಾರೆ" ಎಂದು ಅವಸರ ಮಾಡುತ್ತಿದ್ದ. ತಂದೆ ಚೆಕ್ ಪುಸ್ತಕ ತೆಗೆದೂ ಆಗಿತ್ತು. ನಾವು ಕರೆದೊಯ್ದಿದ್ದ ವಯಸ್ಸಾದ ಶ್ರುತಿಗಾರರು ಮಾತ್ರ ಏನೂ ಹೇಳದೆ 'ಎ' ಒತ್ತಿ, ಮತ್ತೆ ಒತ್ತಿ, ಸುಮ್ಮನೆ ನಿಂತರು. ಅದು 415ರಲ್ಲಿತ್ತು. ಪೂರ್ತಿ ಅರ್ಧ ಸ್ವರ ಕೆಳಗೆ.

ಹುಡುಗಿ ಕೇಳಿದಳು: "ಅಂಕಲ್, ಇದನ್ನ 440ಕ್ಕೆ ಏರಿಸೋಕೆ ಆಗಲ್ವಾ?"

"ಏರಿಸಬಹುದಮ್ಮ. ಏರಿದ್ದು ನಿಲ್ಲಬೇಕಲ್ಲ."

ಹುಡುಗಿ ತನ್ನ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಅರ್ಧ ಸ್ವರವೆಂದರೆ ಆವೃತ್ತಿಯಲ್ಲಿ 1.0595ರಷ್ಟು ಅಂತರ. ಎಳೆತ ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 1.0595ರ ವರ್ಗ, ಅಂದರೆ ಸುಮಾರು 1.12. ಶೇಕಡಾ 12ರಷ್ಟು ಹೆಚ್ಚು ಎಳೆತ! 16 ಟನ್ ಹೊತ್ತಿದ್ದ ಮುದಿ ಚೌಕಟ್ಟಿನ ಮೇಲೆ ಇನ್ನೂ ಎರಡು ಟನ್ ಹೇರಬೇಕು. ತುಕ್ಕು ಹಿಡಿದ ತಂತಿಗಳು ಕಡಿಯಬಹುದು, ಬಿರಡೆಗಳು ಜಾರಬಹುದು. ಆಕೆ ಪುಸ್ತಕವನ್ನು ತಂದೆಗೆ ತೋರಿಸಿ, "ಬೇಡಪ್ಪಾ, ಇದು ನೋಡೋಕೆ ಮಾತ್ರ" ಎಂದಳು. ಚೆಕ್ ಪುಸ್ತಕ ಜೇಬಿಗೆ ಮರಳಿತು. ಕೆಲವು ತಿಂಗಳ ಮೇಲೆ ಅವರು ಕೊಂಡದ್ದು ಮೈಮೇಲೆ ಗೀರುಗಳಿದ್ದ, ಯಾವ ಅಲಂಕಾರವೂ ಇಲ್ಲದ ಒಂದು ಕಪ್ಪು ಜಪಾನೀ ಅಪ್‌ರೈಟ್. ಶ್ರುತಿಗಾರರು ಅದಕ್ಕೆ ತಲೆಯಾಡಿಸಿದ್ದರು.

ಹಳೆಯದರ ವಿಷಯದಲ್ಲಿ ಇನ್ನೆರಡು ಮಾತು. ಮುಚ್ಚಳದ ಮೇಲಿನ ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು. ಒಳಗಿನ ಚೌಕಟ್ಟಿನ ಹೆಸರು, ಕ್ರಮಸಂಖ್ಯೆಗಳನ್ನು ಬರೆದುಕೊಳ್ಳಿ. ಹೆಸರಾಂತ ಕಂಪನಿಗಳ ಕ್ರಮಸಂಖ್ಯೆಯಿಂದ ತಯಾರಾದ ವರ್ಷ ತಿಳಿಯುತ್ತದೆ. ಹಾಗೆಯೇ ಬಿಳಿ ಕೀಯ ಹೊದಿಕೆಯಲ್ಲಿ ಎರಡು ತುಂಡು ಕೂಡಿಸಿದ ತೆಳು ಗೆರೆ ಕಂಡರೆ ಅದು ಆನೆದಂತವಿರಬಹುದು. ಆನೆದಂತದ ವ್ಯಾಪಾರ ನಮ್ಮಲ್ಲಿ ಕಾನೂನಿನಿಂದ ನಿಷಿದ್ಧ. ಅರಣ್ಯ ಇಲಾಖೆಯನ್ನು ವಿಚಾರಿಸದೆ ಅಂಥದಕ್ಕೆ ಕೈ ಹಾಕಬೇಡಿ.

ಇಷ್ಟೆಲ್ಲ ಹಣ ಎಲ್ಲಿಂದ ಬರಬೇಕು ಎಂದು ನಿಮ್ಮಲ್ಲಿ ಹಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹತ್ತಾರು ಸಾವಿರ ರೂಪಾಯಿಗೆ ಡಿಜಿಟಲ್ ಪಿಯಾನೋ ಸಿಗುತ್ತದೆ. ಅದಕ್ಕೆ ಶ್ರುತಿ ಮಾಡಿಸುವ ಖರ್ಚಿಲ್ಲ, ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರ ದೂರಿಲ್ಲ. ಆದರೆ 88 ಕೀಗಳಿರಲಿ, ಕೀಗಳಿಗೆ ಸುತ್ತಿಗೆಯಂಥ ಭಾರವಿರಲಿ. ನಿಜವಾದ ಪಿಯಾನೋದಲ್ಲಿ ಒಂದು ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ತೂಕ ಬೇಕು. ಹಗುರವಾದ 61 ಕೀಗಳ ಕೀಬೋರ್ಡಿನಲ್ಲೇ ಪಳಗಿದ ಬೆರಳು ಪರೀಕ್ಷೆಯ ದಿನ ನಿಜವಾದ ಪಿಯಾನೋದ ಮುಂದೆ ತಡವರಿಸುತ್ತದೆ. ಕೆಟ್ಟ ಹಳೆಯ ಪಿಯಾನೋಗಿಂತ ಒಳ್ಳೆಯ ಡಿಜಿಟಲ್ ಎಷ್ಟೋ ಮೇಲು.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ನಾನು ನುಡಿಸಬೇಕೆಂದಿರುವುದು ಏನನ್ನು? ಪಿಯಾನೋದ ಸ್ವರಗಳು ಸ್ಥಿರ. ತಂತಿಯನ್ನು ಎಳೆದು ಗಮಕ ತೆಗೆಯುವಂತಿಲ್ಲ. ರಾಗಸಂಗೀತವೇ ನಿಮ್ಮ ಗುರಿಯಾದರೆ ವೀಣೆಯೋ ಪಿಟೀಲೋ ನಿಮ್ಮ ವಾದ್ಯ. ಎರಡನ್ನೂ ಪ್ರೀತಿಸಲು ಅಡ್ಡಿಯೇನಿಲ್ಲ. ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದ ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋದಲ್ಲೂ ಪರಿಣತರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

ಕೊಂಡ ಮೇಲಿನ ಆರೈಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಪ್‌ರೈಟ್ 200 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಎರಡನೆಯ ಮಹಡಿಯವರು ಮೊದಲು ಮೆಟ್ಟಿಲು ಅಳೆಯಿರಿ. ತಂದ ಕೂಡಲೇ ಶ್ರುತಿ ಮಾಡಿಸಬೇಡಿ. ಎರಡು ಮೂರು ವಾರ ಹೊಸ ಕೋಣೆಯ ಹವೆಗೆ ಮರ ಹೊಂದಿಕೊಳ್ಳಲಿ. ತೇವ ಕುಡಿದರೆ ಮರ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಂಗಳೂರಿನ ಆಷಾಢವೂ ಕಲಬುರಗಿಯ ಏಪ್ರಿಲೂ ಪಿಯಾನೋಕ್ಕೆ ಎರಡು ಬಗೆಯ ಶತ್ರುಗಳು. ತೇವದ ಗೋಡೆ, ನೇರ ಬಿಸಿಲು, ಎ.ಸಿ.ಯ ಗಾಳಿ ಮೂರರಿಂದಲೂ ದೂರವಿಡಿ. ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಿ. ಶ್ರುತಿಗಾರರು ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಮಂದಿ. ನಿಮ್ಮ ಊರಿಗೆ ಬರುವವರು ಯಾರು ಎಂದು ಪಿಯಾನೋ ಹುಡುಕುವ ಮೊದಲೇ ಹುಡುಕಿಕೊಳ್ಳಿ. ಹಳೆಯದಕ್ಕೆ ಹಣ ಕೊಡುವ ಮೊದಲು ಅವರನ್ನು ಕರೆದೊಯ್ಯಿರಿ. ಅವರಿಗೆ ಕೊಡುವ ಶುಲ್ಕ ನಷ್ಟವಲ್ಲ.

ಕಣ್ಣು ಮೆಚ್ಚಿದ್ದನ್ನು ಕಿವಿ ಒಪ್ಪಲಿ, ಕಿವಿ ಒಪ್ಪಿದ್ದನ್ನು ಲೆಕ್ಕವೂ ಒಪ್ಪಲಿ. ಆಮೇಲೆ ಅಪ್ಪ ಅಮ್ಮನಿಗೆ "ಇದನ್ನೇ ಕೊಡಿಸಿ" ಎಂದು ನೀವು ಧೈರ್ಯವಾಗಿ ಹೇಳಬಹುದು.