ನ್ಯಾಯಾಲಯದ ಗೋಡೆಗೆ ಉಣ್ಣೆ

ಸಾರ್ವಜನಿಕ ಕಟ್ಟಡದೊಳಗೆ ಬಟ್ಟೆ ತೂಗಹಾಕುವುದು ಬರಿಯ ಅಲಂಕಾರಕ್ಕೆಂದು ತಿಳಿಯುವವರುಂಟು. ಚಂಡೀಗಢದ ಹೈಕೋರ್ಟು ಬೇರೆಯದನ್ನೇ ಹೇಳುತ್ತದೆ. 1955ರಲ್ಲಿ ತೆರೆದ ಈ ಕಟ್ಟಡ ಕಾಂಕ್ರೀಟಿನದು. ಅಂಥ ಕೋಣೆಯಲ್ಲಿ ಆಡಿದ ಮಾತು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುತ್ತದೆ. ಸಾಕ್ಷಿಯ ನುಡಿಯೇ ಕಲಸಿಹೋದರೆ ಕಕ್ಷಿದಾರನ ಗತಿಯೇನು? ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಾಶ್ಮೀರದಲ್ಲಿ ಉಣ್ಣೆಯ ಚಿತ್ರಪಟಗಳನ್ನು ನೇಯಿಸಿ ಗೋಡೆಗೆ ಇಳಿಬಿಡಿಸಿದರು. ಮುಖ್ಯ ನ್ಯಾಯಾಧೀಶರ ಕೋಣೆಯದೊಂದೇ 144 ಚದರ ಮೀಟರು! ಎಳೆಗಳ ಸಂದಿನಲ್ಲಿ ಹೊಕ್ಕ ಸದ್ದು ಬಹುಮಟ್ಟಿಗೆ ಅಲ್ಲೇ ಅಡಗುತ್ತದೆ.

ಬಟ್ಟೆ ಗೋಡೆಯನ್ನು ಬಿಟ್ಟು ತಾನೇ ಶಿಲ್ಪವಾಗುವುದೂ ಉಂಟು. 1997ರಲ್ಲಿ ಮಹಾಬಲಿಪುರದ ಬೆಸ್ತರ ಬಲೆಗಳಲ್ಲಿ ದಾರಿ ಕಂಡ ಜಾನೆಟ್ ಎಕೆಲ್‌ಮನ್, 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಮಾನನಿಲ್ದಾಣದ ಒಳಗೆ ಬೆಳಕಿಂಡಿಗಳಿಂದ ಬಲೆಗಳನ್ನು ಇಳಿಬಿಟ್ಟರು. ನೋಡಲು ಸೊಗಸೇ, ಆದರೆ ತೆಳುಬಲೆ ಸದ್ದನ್ನು ನುಂಗದು, ಅದಕ್ಕೆ ದಪ್ಪ ನೇಯ್ಗೆಯೇ ಬೇಕು. ಧೂಳು ಕೊಡಹುವ ಏಣಿಗೆ ಜಾಗವನ್ನೂ ನಕ್ಷೆಯಲ್ಲೇ ಗುರುತಿಸಿಡಬೇಕು.