ಎರಡು ಹೊಳೆಗಳ ನಡುವೆ ಮೀನಿನ ಮಿತಿ

ಮೀನುಗಾರಿಕೆಗೆ ಮಿತಿಯನ್ನು ಎರಡು ಬಗೆಯಲ್ಲಿ ಹಾಕಬಹುದು. ಒಂದು, ನೀರಿನಿಂದ ಹೊರಬರುವ ಮೀನಿನ ತೂಕಕ್ಕೇ ಮಿತಿ: ಈ ವರ್ಷ ಇಷ್ಟು ಟನ್, ಅದು ತುಂಬಿದ ಮೇಲೆ ಬಲೆ ಇಳಿಯಬಾರದು. ಇನ್ನೊಂದು, ಹಿಡಿಯುವ ಬಗೆಗೆ ಮಿತಿ: ಬಲೆಯ ಕಣ್ಣು ಎಷ್ಟಿರಬೇಕು, ಯಾವ ತಿಂಗಳಲ್ಲಿ ಹಿಡಿಯಬಾರದು, ಪರವಾನಗಿ ಯಾರಿಗೆ, ಯಾವ ಕೆರೆ ಯಾರ ಗುತ್ತಿಗೆ. ರಾಯಚೂರು ಜಿಲ್ಲೆ ನಡೆದು ಬಂದಿರುವುದು ಎರಡನೆಯ ದಾರಿಯಲ್ಲಿ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ ಹರಿಯುವ ಈ ದೋಆಬಿನಲ್ಲಿ ಯಾವ ಹೊಳೆಗೂ ಟನ್ ಲೆಕ್ಕದ ಮಿತಿಯಿಲ್ಲ. ಹಾಗಾಗಿ ಇಂಥ ವರ್ಷ ಹಿಡಿದದ್ದು ಹೆಚ್ಚಾಯಿತು ಎಂದು ತೋರಿಸಲು ಕಾಗದದ ಮೇಲೆ ಆಧಾರವೂ ಇಲ್ಲ.

ಇದಕ್ಕೆ ಒಂದಿಷ್ಟು ಚರಿತ್ರೆಯಿದೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ಅಪರಾಧವಾಗಿಸಿತು. ಬಲೆಯ ಅಳತೆ, ಹೊಳೆಗೆ ಅಡ್ಡಲಾಗಿ ಕಟ್ಟುವ ಒಡ್ಡು, ನೆಟ್ಟ ಬಲೆ ಇವುಗಳಿಗೆ ನಿಯಮ ಮಾಡುವ ಅಧಿಕಾರವನ್ನೂ ಕೊಟ್ಟಿತು. ಅದು ಬ್ರಿಟಿಷ್ ಆಳ್ವಿಕೆಯ ಸೀಮೆಯ ಕಾಯ್ದೆ. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಕರ್ನಾಟಕದ ಹೊಳೆ, ಕೆರೆ, ಜಲಾಶಯಗಳಿಗೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಅನ್ವಯಿಸುತ್ತದೆ. ಪರವಾನಗಿ, ಗುತ್ತಿಗೆ, ಬಲೆ, ಮೀನು ಮರಿ ಹಾಕುವ ಕಾಲದ ರಕ್ಷಣೆ ಎಲ್ಲವೂ ಅದರ ವ್ಯಾಪ್ತಿಯವು.

ಮಿತಿ ಎಲ್ಲಿ ಮೀರುತ್ತದೆ ಎಂಬುದನ್ನು ತಿಳಿಯಲು ನೀರಿನ ನಡೆಯನ್ನು ನೋಡಬೇಕು. ದೇವದುರ್ಗ ತಾಲೂಕಿನ ಅಂಚಿನಲ್ಲಿ ಹರಿಯುವ ಕೃಷ್ಣೆಗೆ ಮೇಲಿನಿಂದ ನೀರು ಬರುವುದು ನಾರಾಯಣಪುರದ ಬಸವಸಾಗರ ಜಲಾಶಯದಿಂದ ಬಿಟ್ಟಾಗ. ಬಿಡದ ತಿಂಗಳುಗಳಲ್ಲಿ ಹೊಳೆ ಬಂಡೆಗಳ ನಡುವಿನ ಮಡುಗಳಾಗಿ ಒಡೆಯುತ್ತದೆ. ಹತ್ತಾರು ಕಿಲೊಮೀಟರ್ ಉದ್ದಕ್ಕೆ ಹರಡಿದ್ದ ಮೀನು ಆಗ ಕೆಲವೇ ಮಡುಗಳಲ್ಲಿ ಗುಂಪಾಗಿ ನಿಲ್ಲುತ್ತದೆ. ಅದೇ ಬಲೆ, ಅದೇ ಹರಿಗೋಲು, ಅದೇ ಕೈಗಳು. ಸಿಗುವ ಮೀನು ಮಾತ್ರ ಹಲವು ಪಟ್ಟು. ಇದೇ ಹೊಳೆಯ ಗೂಗಲ್ ಬ್ಯಾರೇಜಿನಂಥ ಕಡೆ ನಿಂತ ನೀರಿಗೂ ಈ ಮಾತು ಸಲ್ಲುತ್ತದೆ. ಬಲೆಯ ಕಣ್ಣಿನ ಅಳತೆ ಮರಿಗಳನ್ನು ಉಳಿಸೀತೇ ಹೊರತು, ಮಡುವಿನಲ್ಲಿ ಸಿಕ್ಕಿಬಿದ್ದ ಬಲಿತ ತಾಯಿಮೀನುಗಳನ್ನು ಉಳಿಸಲಾರದು. ಮಳೆಗಾಲಕ್ಕೆ ಮೊಟ್ಟೆ ಇಡಬೇಕಾದವು ಅವೇ.

ಮಾನ್ವಿ ಕಡೆಯ ತೊಂದರೆ ಬೇರೆ ಋತುವಿನದು. ಆ ತಾಲೂಕಿನ ರಾಜೋಳಿಬಂಡೆಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಆಣೆಕಟ್ಟು ಇದೆ. ಮುಂಗಾರಿನ ಕೆಂಪು ನೀರು ಬಂದಾಗ ಮೊಟ್ಟೆ ತುಂಬಿದ ಮೀನು ಪ್ರವಾಹಕ್ಕೆ ಎದುರಾಗಿ ಏರುತ್ತದೆ, ಒಡ್ಡಿನ ಬುಡಕ್ಕೆ ಬಂದು ನಿಲ್ಲುತ್ತದೆ. ಹಾಗೆ ನಿಂತ ಮೀನನ್ನು ಬೀಸುಬಲೆಯಲ್ಲಿ ಬಾಚುವುದು ಸುಲಭ. ವರ್ಷದ ಲೆಕ್ಕದಲ್ಲಿ ಅದು ಕೆಲವೇ ದಿನಗಳ ಕೆಲಸ, ಆದರೆ ಅಲ್ಲಿ ಹೋಗುವುದು ಮುಂದಿನ ವರ್ಷದ ಹೊಳೆ. ನಿಷೇಧದ ತಿಂಗಳು ಕಾಗದದಲ್ಲಿದ್ದು ಒಡ್ಡಿನ ಬುಡದಲ್ಲಿ ಕಾವಲಿಲ್ಲದಿದ್ದರೆ ಆ ನಿಷೇಧದಿಂದ ಫಲವಿಲ್ಲ.

ಕೆರೆಗಳ ಲೆಕ್ಕ ಹೊಳೆಯಂತಲ್ಲ. ಕಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಬಲಿಯುತ್ತವೆ, ಆದರೆ ಅಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಜಾತಿಗಳಿಂದ ಮರಿ ಪಡೆಯುವ ವಿಧಾನ ಕಂಡುಕೊಂಡರು. ಅಲ್ಲಿಂದ ಮುಂದೆ ಕೆರೆಗೆ ಬಿತ್ತನೆ ಮರಿ ಬಿಟ್ಟು ಬೆಳೆಸುವುದು ವಾಡಿಕೆಯಾಯಿತು. ಬಿತ್ತಿ ಬೆಳೆದದ್ದನ್ನು ಪೂರಾ ಹಿಡಿದರೂ ವಂಶ ಅಳಿಯುವ ಭಯವಿಲ್ಲ. ಅಲ್ಲಿ ಮಿತಿ ಮೀರುವುದೆಂದರೆ ಹೊತ್ತಿಗೆ ಮುಂಚೆ ಹಿಡಿಯುವುದು, ಕಿಲೋ ತೂಗಬೇಕಾದ ಮೀನನ್ನು ಕಾಲು ಕಿಲೋ ಇರುವಾಗಲೇ ಸಂತೆಗೆ ಹಾಕುವುದು. ಅದಕ್ಕೆ ಕಾರಣ ಹುಡುಕಿದರೆ ಗುತ್ತಿಗೆಯ ಅವಧಿಯೇ ಎದುರಿಗೆ ಬರುತ್ತದೆ. ಐದು ವರ್ಷದ ಗುತ್ತಿಗೆಯ ಕೊನೆಯ ಬೇಸಿಗೆಯಲ್ಲಿ ಉಳಿಸಿದ ಮೀನು ಮುಂದಿನ ಗುತ್ತಿಗೆದಾರನ ಪಾಲಾಗುತ್ತದೆ. ಹೀಗಿರುವಾಗ ಗುತ್ತಿಗೆ ಹಿಡಿದ ಯಾವ ಮೀನುಗಾರರ ಸಂಘವೂ ಉಳಿಸಲಾರದು. ತಪ್ಪು ಮೀನು ಹಿಡಿಯುವ ಕಬ್ಬೇರರದೋ ಅಂಬಿಗರದೋ ಅಲ್ಲ, ಷರತ್ತಿನದು.

ತೂಕಕ್ಕೇ ಮಿತಿ ಹಾಕಿದ ನಾಡುಗಳ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಎಚ್ಚರಿಕೆಯಾಗಿಯೂ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಕಾಡ್ ಮೀನಿಗೆ ವರ್ಷವರ್ಷವೂ ಕೋಟಾ ಇತ್ತು. ಆದರೆ ನೀರಿನಲ್ಲಿರುವ ಮೀನಿನ ಅಂದಾಜೇ ಹೆಚ್ಚಾಗಿದ್ದರಿಂದ ಕೋಟಾವೂ ಹೆಚ್ಚಾಯಿತು. 1992ರಲ್ಲಿ ಮೀನುಗಾರಿಕೆಯನ್ನೇ ಮುಚ್ಚಬೇಕಾಯಿತು. ಮಿತಿ ಮೀರಿದಾಗ ಏನು ಮಾಡಬೇಕೆಂಬುದಕ್ಕೆ ಯುರೋಪಿನ ಒಕ್ಕೂಟ 2009ರ ನಿಯಮದಲ್ಲಿ ನಿಚ್ಚಳ ಲೆಕ್ಕ ಬರೆದಿದೆ. ಮೀರಿದ ತೂಕವನ್ನು ಮುಂದಿನ ಕೋಟಾದಲ್ಲಿ ಕಳೆಯುತ್ತಾರೆ, ಮೀರಿದಷ್ಟೂ ಗುಣಕ ಏರುತ್ತದೆ. 1000 ಟನ್ನಿನ ಕೋಟಾಕ್ಕೆ 1300 ಟನ್ ಹಿಡಿದ ದೇಶಕ್ಕೆ ಮೀರಿದ 300 ಟನ್ನಿನ 1.4 ಪಟ್ಟು, ಅಂದರೆ 420 ಟನ್ ಕಡಿತ. ನ್ಯೂಜಿಲೆಂಡ್ 1986ರಿಂದ ಬೇರೊಂದು ಉಪಾಯ ನಡೆಸಿದೆ: ತನ್ನ ಪಾಲಿಗಿಂತ ಹೆಚ್ಚು ತಂದವನು ಆ ಮೀನನ್ನು ಕಡಲಿಗೆ ಎಸೆಯದೆ ದಡಕ್ಕೆ ತಂದು, ಗೊತ್ತುಮಾಡಿದ ದರವನ್ನು ಸರಕಾರಕ್ಕೆ ಕಟ್ಟಬೇಕು. ಮೀರಿದ ತೂಕವೂ ಹೀಗೆ ಲೆಕ್ಕಕ್ಕೆ ಸಿಗುತ್ತದೆ. ದಂಡಕ್ಕಿಂತ ಲೆಕ್ಕ ಮುಖ್ಯ ಎಂಬ ಈ ತಿಳಿವು ಬಹಳ ಬೆಲೆಯುಳ್ಳದ್ದು.

ಹವ್ಯಾಸಕ್ಕೆ ಗಾಳ ಹಾಕುವವರ ಲೆಕ್ಕ ಇನ್ನೂ ಕಷ್ಟ. ಅಮೆರಿಕದ ಮೆಕ್ಸಿಕೊ ಕೊಲ್ಲಿಯ ರೆಡ್ ಸ್ನ್ಯಾಪರ್ ಮೀನಿನಲ್ಲಿ ಶೇ 51 ಪಾಲು ದಂಧೆಯವರದು, ಶೇ 49 ಹವ್ಯಾಸಿಗಳದು. 2007ರಲ್ಲಿ ದಂಧೆಯ ಪಾಲನ್ನು ಹಿಡಿಯುವವರಿಗೆ ಹೆಸರುವಾರು ಹಂಚಿದ ಮೇಲೆ ಅದು ಮಿತಿಯೊಳಗೆ ನಿಂತಿತು. ಸಾವಿರಾರು ದೋಣಿಗಳಲ್ಲಿ ಚದುರಿದ್ದ ಹವ್ಯಾಸಿಗಳ ಪಾಲು ಮಾತ್ರ ಮತ್ತೆ ಮತ್ತೆ ಮೀರಿತು. 2014ರಲ್ಲಿ ನ್ಯಾಯಾಲಯದ ತೀರ್ಪು ಬಂದ ಮೇಲೆ, ಅವರ ಕೋಟಾದ ಶೇ 20ರಷ್ಟನ್ನು ಮೊದಲೇ ತೆಗೆದಿಟ್ಟು ಉಳಿದದ್ದಕ್ಕಷ್ಟೇ ಋತು ಗೊತ್ತುಮಾಡಲಾಯಿತು. ಆ ವರ್ಷ ಸಿಕ್ಕಿದ್ದು 9 ದಿನ. ಕರ್ನಾಟಕದಲ್ಲಿ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳ ಮಹಶೀರ್ ಗಾಳದಾಟಕ್ಕೆ ಇದ್ದ ನಿಯಮ ಸರಳ: ಹಿಡಿದದ್ದನ್ನು ಹೊಳೆಗೇ ಬಿಡಬೇಕು. ಕಾವೇರಿಯ ಆ ದೊಡ್ಡ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜಾತಿಗಳ ಜಾಗತಿಕ ಪಟ್ಟಿಗೆ ಸೇರಿತು. ದೋಆಬಿನ ಸೇತುವೆ, ಕಾಲುವೆಗಳ ಮೇಲೆ ಗಾಳ ಹಿಡಿದು ಕೂರುವವರು ಮೀನನ್ನು ಮನೆಗೆ ಒಯ್ಯುವವರು. ಅವರಿಗೆ ಬಿಡುವ ನಿಯಮ ಹೊಂದದು. ತಲೆಗೆ ದಿನಕ್ಕೆ ಇಷ್ಟು ಮೀನು, ಇಷ್ಟಕ್ಕಿಂತ ಚಿಕ್ಕದು ಬೇಡ ಎಂಬ ಕಟ್ಟಳೆ ಸಾಕು.

ಟನ್ ಲೆಕ್ಕದ ಕೋಟಾವನ್ನು ಹಾಗೆಯೇ ತಂದು ಕೃಷ್ಣೆಯ ಮೇಲೆ ಹೇರುವುದು ಸಲ್ಲದು. ಹೊಳೆಯಲ್ಲಿ ಎಷ್ಟು ಮೀನಿದೆ ಎಂಬ ಅಂದಾಜಿಲ್ಲದೆ ಕೊಡುವ ಅಂಕಿ ನ್ಯೂಫೌಂಡ್‌ಲ್ಯಾಂಡಿನದೇ ತಪ್ಪಾಗುತ್ತದೆ. ಮೇಲಾಗಿ ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ. ರಾಯಚೂರಿನ ಕೆಳಗೆ ಜುರಾಲಾ ಜಲಾಶಯ ತೆಲಂಗಾಣದ್ದು, ರಾಜೋಳಿಬಂಡೆಯ ಕೆಳಗೆ ತುಂಗಭದ್ರೆಯ ಎದುರು ದಡ ಆಂಧ್ರದ್ದು. ಒಂದು ದಡದಲ್ಲಿ ಬಲೆ ನಿಂತು ಇನ್ನೊಂದು ದಡದಲ್ಲಿ ನಡೆದರೆ ಉಳಿಸಿದವನಿಗೇ ನಷ್ಟ. ನಿಷೇಧದ ದಿನಗಳನ್ನು ಮೂರೂ ರಾಜ್ಯಗಳ ಇಲಾಖೆಗಳು ಕೂಡಿ ಗೊತ್ತುಮಾಡುವುದು ಮೊದಲ ಹೆಜ್ಜೆ.

ಎರಡನೆಯದು ತೂಕದ ಪುಸ್ತಕ. ಪ್ರತಿ ಸಂಘವೂ ದಡದಲ್ಲೇ ಜಾತಿವಾರು ತೂಕ ಬರೆದಿಡಬೇಕು. ಮೂರು ನಾಲ್ಕು ವರ್ಷದ ಪುಸ್ತಕ ಕೂಡಿದರೆ ಮಾಮೂಲು ಎಷ್ಟು, ಮೀರಿದ್ದೆಷ್ಟು ಎಂಬುದು ತಾನೇ ಕಾಣುತ್ತದೆ. ಮಾಮೂಲನ್ನು ಮೀರಿದ ವರ್ಷದ ಮರುವರ್ಷ ಮಡುಗಳಲ್ಲಿ ಬಲೆ ಬೀಸುವ ದಿನಗಳನ್ನು ಅದಕ್ಕೆ ತಕ್ಕಷ್ಟು ಕಡಿಮೆ ಮಾಡಬಹುದು. ಹೊಳೆಯ ನೀರು ಗೊತ್ತಾದ ಮಟ್ಟಕ್ಕಿಂತ ಇಳಿದಾಗ ಕೆಲವು ಮಡುಗಳನ್ನು ಪೂರಾ ಬಿಟ್ಟುಬಿಡಬೇಕು. ಕೆರೆಗಳಲ್ಲಿ, ಕೊನೆಯ ವರ್ಷ ಬಲಿಯುವ ಮೀನು ಉಳಿಸಿ ಹೋದ ಸಂಘಕ್ಕೆ ಹೊಸ ಗುತ್ತಿಗೆದಾರ ಅದರ ಬೆಲೆ ಕಟ್ಟಿಕೊಡುವ ಷರತ್ತು ಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆಯ ಅಗತ್ಯ ಕಾಣುವುದಿಲ್ಲ. ಗುತ್ತಿಗೆ ಪತ್ರ ನವೀಕರಿಸುವಾಗ ದೇವದುರ್ಗ, ಮಾನ್ವಿಗಳ ಸಂಘಗಳು ಮತ್ತು ಮೀನುಗಾರಿಕೆ ಇಲಾಖೆ ಈ ಷರತ್ತುಗಳನ್ನು ಕೂಡಿ ಬರೆಯಬೇಕು. ಮುಂದಿನ ಮುಂಗಾರಿಗೆ ಮುಂಚೆಯೇ ತೂಕದ ಪುಸ್ತಕ ತೆರೆಯಬೇಕು.