ಸದ್ದಾಂ ಕೊರಳಿನ ಹಗ್ಗ, ನಮ್ಮ ಕೈಯ ಮೊಬೈಲು

(ನಮ್ಮ ಕನ್ನಡ ಕೂಟದ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಗೆಳೆಯರೆ, ಪ್ರತಿ ತಿಂಗಳು ಇಲ್ಲಿ ಸೇರಿದಾಗ ವೀಸಾ, ಮನೆ ಸಾಲ, ಮಕ್ಕಳ ಕನ್ನಡ ಕಲಿಕೆ ಇಂಥವನ್ನೇ ಮಾತಾಡುತ್ತೇವೆ. ಈ ಸಲ ಸ್ವಲ್ಪ ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಪಟ್ಟದಿಂದ ಇಳಿಸಿದ ಸರ್ವಾಧಿಕಾರಿಯನ್ನು ಗಲ್ಲಿಗೇರಿಸುವುದು ಸರಿಯೇ? ಏರಿಸಿದರೂ ಅದನ್ನು ಜಗತ್ತಿಗೆಲ್ಲ ತೋರಿಸುವುದು ಸರಿಯೇ? ನಾನು ಕಾನೂನು ಓದಿದವನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಈ ಪ್ರಶ್ನೆಯ ಬಗ್ಗೆ ಯೋಚಿಸಲು ಕರಿಕೋಟು ಬೇಕೇಬೇಕು ಅಂತೇನಿಲ್ಲವಲ್ಲ!

ಮೊದಲು ನಡೆದದ್ದೇನು ಅಂತ ನೋಡೋಣ. ಸದ್ದಾಂ ಹುಸೇನ್ ಸಿಕ್ಕಿಬಿದ್ದದ್ದು 2003ರ ಡಿಸೆಂಬರ್ 13ರಂದು, ತಿಕ್ರಿತ್ ಹತ್ತಿರದ ಒಂದು ನೆಲಗುಂಡಿಯಲ್ಲಿ. ವಿಚಾರಣೆ ಶುರುವಾದದ್ದು 2005ರ ಅಕ್ಟೋಬರಿನಲ್ಲಿ. ಆರೋಪ ಏನಪ್ಪಾ ಅಂದರೆ, 1982ರಲ್ಲಿ ದುಜೈಲ್ ಎಂಬ ಊರಿನಲ್ಲಿ ಅವನ ಮೇಲೆ ಕೊಲೆ ಯತ್ನ ನಡೆದಾಗ, ಸೇಡಿಗಾಗಿ ಆ ಊರಿನ 148 ಗಂಡಸರು ಮತ್ತು ಹುಡುಗರನ್ನು ಸಾಯಿಸಿದ್ದು. 2006ರ ನವೆಂಬರ್ 5ಕ್ಕೆ ಮರಣದಂಡನೆ ತೀರ್ಪು ಬಂತು. ಡಿಸೆಂಬರ್ 26ಕ್ಕೆ ಮೇಲ್ಮನವಿ ವಜಾ ಆಯಿತು. ಡಿಸೆಂಬರ್ 30ರ ಬೆಳಗಿನ ಜಾವ ಬಾಗ್ದಾದಿನಲ್ಲಿ ನೇಣು! ನಡುವೆ ಸಿಕ್ಕಿದ್ದು ನಾಲ್ಕೇ ದಿನ. ಅವತ್ತು ಸುನ್ನಿ ಮುಸ್ಲಿಮರಿಗೆ ಬಕ್ರೀದ್. ಹಬ್ಬದ ದಿನ ಯಾರನ್ನೂ ಗಲ್ಲಿಗೇರಿಸಬಾರದು ಅಂತ ಇರಾಕಿನ ಕಾನೂನೇ ಹೇಳುತ್ತಿತ್ತು.

ಸರ್ಕಾರ ಬಿಟ್ಟ ವಿಡಿಯೋದಲ್ಲಿ ದನಿ ಇರಲಿಲ್ಲ, ಕುಣಿಕೆ ಹಾಕುವಲ್ಲಿಗೆ ಅದು ನಿಲ್ಲುತ್ತಿತ್ತು. ಆದರೆ ಅಲ್ಲಿದ್ದವರೊಬ್ಬರು ಮೊಬೈಲಿನಲ್ಲಿ ಹಿಡಿದದ್ದು ಹೊರಬಂತು ನೋಡಿ, ಅದರಲ್ಲಿ ಎಲ್ಲವೂ ಇತ್ತು. ಮುಸುಕು ಹಾಕಿದ ಕಾವಲುಗಾರರು, 'ಮುಕ್ತದಾ, ಮುಕ್ತದಾ' ಎಂಬ ಕೂಗು, ಮೂದಲಿಕೆ. ಸಾಯಲು ನಿಂತವನಿಗೆ ಹೀಗೆ ಮಾಡಬೇಡಿ ಅಂತ ಸರ್ಕಾರಿ ವಕೀಲರೇ ಬೇಡಿಕೊಳ್ಳುವುದೂ ಕೇಳುತ್ತಿತ್ತು. ಅವನ ಪ್ರಾರ್ಥನೆ ಮುಗಿಯುವ ಮೊದಲೇ ಕಾಲಡಿಯ ಹಲಗೆ ಬಿತ್ತು. ಆಗ ನಾನು ಇಂಜಿನಿಯರಿಂಗ್ ಮೊದಲನೇ ವರ್ಷ. ಹಾಸ್ಟೆಲಿನಲ್ಲಿ ಆ ಕ್ಲಿಪ್ ಬ್ಲೂಟೂತ್‌ನಲ್ಲಿ ರೂಮಿಂದ ರೂಮಿಗೆ, ರಿಂಗ್‌ಟೋನ್ ಓಡಾಡಿದ ಹಾಗೆ ಓಡಾಡುತ್ತಿತ್ತು.

ಈ ವಿಷಯ ಮಾತಾಡುತ್ತೇನೆ ಅಂದಾಗ ನಮ್ಮ ಕೂಟದ ಹಿರಿಯರೊಬ್ಬರು, ಉಡುಪಿ ಕಡೆಯವರು, ನನ್ನನ್ನು ತಡೆದು ಕೇಳಿದರು: "ನೀನು ಎಂತ ಮಾರಾಯ, ಅವನ ಪರ ಮಾತಾಡುವುದಾ? ನಾವು ಕುವೈತಿನಿಂದ ಒಂದು ಬ್ಯಾಗ್ ಹಿಡ್ಕೊಂಡು ಓಡಿ ಬಂದವರು." ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1990ರ ಆಗಸ್ಟ್ 2ರಂದು ಸದ್ದಾಂ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೆಚ್ಚಾಗಿ ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತರಬೇಕಾಯಿತು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಜೀವಮಾನದ ಗಳಿಕೆ ಆ ಒಂದು ವಾರದಲ್ಲಿ ಕೊಚ್ಚಿಹೋಯಿತು. ಇನ್ನು ಕುರ್ದರ ಗತಿ? 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲದ ಬಾಂಬು ಬಿದ್ದು ಸತ್ತವರು ಸುಮಾರು 5,000 ಮಂದಿ. ಅದೇ ಕಾಲದ 'ಅನ್ಫಾಲ್' ಕಾರ್ಯಾಚರಣೆಯಲ್ಲಿ ಕಡಿಮೆ ಅಂದರೂ 50,000 ಕುರ್ದರು ಕೊಲೆಯಾದರು ಎಂದು ಹ್ಯೂಮನ್ ರೈಟ್ಸ್ ವಾಚ್ ಅಂದಾಜು ಮಾಡಿದೆ. ಸದ್ದಾಂ ಪಾಪದವನು ಅಂತ ಹೇಳಲು ನಾನಿಲ್ಲಿ ನಿಂತಿಲ್ಲ. ಈ ನೊಂದವರಿಗೆ ಆ ನೇಣು ಏನು ಕೊಟ್ಟಿತು ಅನ್ನುವುದಷ್ಟೇ ನನ್ನ ಪ್ರಶ್ನೆ.

ನಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ನಡುರಾತ್ರಿ ಸರ್ವರ್ ಬಿದ್ದರೆ ನಾವು ಮೊದಲು ಏನು ಮಾಡುತ್ತೇವೆ? ಲಾಗ್ ಉಳಿಸಿಕೊಳ್ಳುತ್ತೇವೆ. ಸಿಟ್ಟು ಬಂತು ಅಂತ ಡಿಸ್ಕ್ ಅಳಿಸಿಬಿಟ್ಟರೆ ಯಾಕೆ ಬಿತ್ತು, ಯಾರಿಂದ ಬಿತ್ತು ಯಾವುದೂ ಗೊತ್ತಾಗುವುದಿಲ್ಲ. ಇರಾಕಿನಲ್ಲಿ ಆದದ್ದು ಇದೇ. ಅನ್ಫಾಲ್ ಮೊಕದ್ದಮೆ 2006ರ ಆಗಸ್ಟಿನಲ್ಲಷ್ಟೇ ಶುರುವಾಗಿತ್ತು. ಸಾಕ್ಷಿಗಳು ಬಂದು, ಸದ್ದಾಂ ಎದುರಿಗೇ ನಿಂತು ತಮ್ಮ ಮನೆಯವರ ಕಥೆ ಹೇಳುತ್ತಿದ್ದರು. ಮುಖ್ಯ ಆರೋಪಿಯೇ ಸತ್ತ ಮೇಲೆ ಅವನ ಮೇಲಿನ ಆರೋಪ ಕೈಬಿಡಬೇಕಾಯಿತು. 2007ರ ಜೂನಿನಲ್ಲಿ ತೀರ್ಪು ಬಂದಾಗ ಅಪರಾಧಿಗಳ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ! 148 ಜನರ ಲೆಕ್ಕ ಚುಕ್ತಾ ಆಯಿತು, ಐವತ್ತು ಸಾವಿರ ಜನರ ಲೆಕ್ಕ ಹಾಗೇ ಉಳಿಯಿತು.

ಅವನಿಗೆ ರಾಸಾಯನಿಕ ಮಾರಿದವರು ಯಾರು? ಇರಾನಿನ ಜೊತೆ ಎಂಟು ವರ್ಷ ಯುದ್ಧ ಮಾಡುವಾಗ ಬೆನ್ನು ತಟ್ಟಿದವರು ಯಾರು? ಒಬ್ಬ ಡಚ್ ವ್ಯಾಪಾರಿಗೆ 2005ರಲ್ಲಿ ನೆದರ್ಲೆಂಡ್ಸ್ ಕೋರ್ಟು 15 ವರ್ಷ ಜೈಲು ವಿಧಿಸಿತ್ತು. ಉಳಿದವರ ಬಗ್ಗೆ ಬಾಯಿಬಿಡಬಹುದಾಗಿದ್ದ ಬಾಯನ್ನೇ ಮುಚ್ಚಿಸಿದರೆ ಹೇಗೆ? ಇರಾಕಿನ ಆಗಿನ ಅಧ್ಯಕ್ಷ ಜಲಾಲ್ ತಾಲಬಾನಿ ಸ್ವತಃ ಕುರ್ದ್, ಆದರೂ ಅವರು ಮರಣದಂಡನೆಯ ವಿರೋಧಿ. ಕೊನೆಗೆ ಗಲ್ಲಿನ ಆದೇಶಕ್ಕೆ ಸಹಿ ಹಾಕಿದ್ದು ಪ್ರಧಾನಿ ನೂರಿ ಅಲ್-ಮಾಲಿಕಿ.

ಸರಿ, ಎದುರು ವಾದವನ್ನೂ ಕೇಳೋಣ. "ಅಂಥವನನ್ನು ಜೀವಂತ ಬಿಟ್ಟರೆ ತಿರುಗಿ ಬರುವುದಿಲ್ಲವೇ?" ಬರಬಹುದು. ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ನೆಪೋಲಿಯನ್ 1815ರಲ್ಲಿ ಬಂದೇ ಬಂದ. ಆದರೆ ಎಲ್ಬಾದಲ್ಲಿ ಅವನು ಕೈದಿಯಲ್ಲ, ಆ ದ್ವೀಪಕ್ಕೇ ದೊರೆ! ಲೈಬೀರಿಯಾದ ಚಾರ್ಲ್ಸ್ ಟೇಲರನಿಗೆ 2012ರಲ್ಲಿ 50 ವರ್ಷ ಜೈಲಾಯಿತು, ಅವನನ್ನು ಬ್ರಿಟನ್ನಿನ ಜೈಲಿಗೆ ಕಳಿಸಿದರು. ಚಾಡ್ ದೇಶದ ಹಿಸೇನ್ ಹಬ್ರೆಗೆ 2016ರಲ್ಲಿ ಸೆನೆಗಲ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು, 2021ರಲ್ಲಿ ಸಾಯುವಾಗಲೂ ಅವನು ಕೈದಿಯೇ. ಹಗ್ಗ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವುದು ಸುಳ್ಳು.

ಇನ್ನೊಂದು ವಾದ: "ತೋರಿಸದಿದ್ದರೆ ಸತ್ತ ಅಂತ ಜನ ನಂಬುವುದಿಲ್ಲ." ಇದರಲ್ಲಿ ಹುರುಳಿದೆ. ಹಾಗಾದರೆ ನ್ಯೂರೆಂಬರ್ಗ್ ನೋಡಿ. 1946ರ ಅಕ್ಟೋಬರ್ 16ರಂದು ಹತ್ತು ನಾಜಿ ಮುಖಂಡರನ್ನು ನೇಣು ಹಾಕಿದರು. ಸಾಕ್ಷಿಗೆ ಬೆರಳೆಣಿಕೆಯ ಪತ್ರಕರ್ತರಿದ್ದರು, ಆಮೇಲೆ ದೇಹಗಳ ಫೋಟೋ ಹೊರಬಂತು. ಸಾಯುವ ಕ್ಷಣವನ್ನು ಯಾರೂ ಸಿನಿಮಾ ಮಾಡಲಿಲ್ಲ. ಆ ಹತ್ತು ಮಂದಿ ಸತ್ತದ್ದು ಸುಳ್ಳು ಅಂತ ಯಾರಾದರೂ ಅಂದರೇ? ಜಗತ್ತಿನ ನೆನಪಿನಲ್ಲಿ ಉಳಿದದ್ದು ಅವರ ನೇಣಲ್ಲ, ತಿಂಗಳುಗಟ್ಟಲೆ ನಡೆದ ವಿಚಾರಣೆ ಮತ್ತು ಅದರ ದಾಖಲೆಗಳು. ಅದೇ ರೊಮೇನಿಯಾದಲ್ಲಿ 1989ರ ಡಿಸೆಂಬರ್ 25ರಂದು ಚೌಷೆಸ್ಕು ದಂಪತಿಗೆ ಒಂದು ಗಂಟೆಯ ವಿಚಾರಣೆ, ಗುಂಡು, ಟೀವಿಯಲ್ಲಿ ಪ್ರದರ್ಶನ. ನೆನಪಿರುವುದು ಹೆಣಗಳು ಮಾತ್ರ. 2011ರ ಅಕ್ಟೋಬರ್ 20ರಂದು ಗದ್ದಾಫಿ ಗತಿಯೂ ಅದೇ. ಅಲ್ಲಂತೂ ವಿಚಾರಣೆಯೇ ಇಲ್ಲ, ಮೊಬೈಲು ಮಾತ್ರ ಇತ್ತು. ದೇಹವನ್ನು ಮಿಸ್ರಾತಾದ ಕೋಲ್ಡ್ ಸ್ಟೋರೇಜಿನಲ್ಲಿಟ್ಟರು, ಜನ ಸಾಲುಗಟ್ಟಿ ನಿಂತು ನೋಡಿದರು.

ನನ್ನ ಲೆಕ್ಕ ಇಷ್ಟೇ. ವಿಚಾರಣೆ ಬಯಲಿನಲ್ಲಿ ನಡೆಯಬೇಕು, ಸಾವು ಬಯಲಾಟ ಆಗಬಾರದು. ಬಾಗ್ದಾದಿನಲ್ಲಿ ಇದು ತಲೆಕೆಳಗಾಯಿತು. ಆರೋಪಿಗಳ ಪರ ವಕೀಲರಲ್ಲಿ ಮೂವರು ಕೊಲೆಯಾದರು, ಮೊದಲ ಮುಖ್ಯ ನ್ಯಾಯಾಧೀಶರು ರಾಜೀನಾಮೆ ಕೊಟ್ಟರು. ಇಂಥ ವಿಚಾರಣೆ ಕೊನೆಗೆ ಯಾರ ನೆನಪಿನಲ್ಲೂ ಉಳಿಯಲಿಲ್ಲ, ಎಲ್ಲರೂ ನೋಡಿದ್ದು ನೇಣಿನ ವಿಡಿಯೋ. ಅದನ್ನು ನೋಡಿದವರಿಗೆ ಅಲ್ಲಿ ನ್ಯಾಯ ಕಾಣಲಿಲ್ಲ, ಒಂದು ಗುಂಪು ಇನ್ನೊಂದರ ಮೇಲೆ ತೀರಿಸಿಕೊಂಡ ಸೇಡು ಕಂಡಿತು. ಸಾವಿರಾರು ಜನರನ್ನು ಕೊಲ್ಲಿಸಿದವನು ಮುಸುಕು ಬೇಡವೆಂದು ನೆಟ್ಟಗೆ ನಿಂತು ಎಷ್ಟೋ ಜನರ ಕಣ್ಣಿಗೆ ಹುತಾತ್ಮನಾಗಿಬಿಟ್ಟ! ಆ ಪಟ್ಟ ಕಟ್ಟಿದ್ದು ಅವನ ಶತ್ರುಗಳೇ. ಆ ದೃಶ್ಯ ಅನುಕರಿಸಲು ಹೋಗಿ ಮಕ್ಕಳು ಸತ್ತ ಸುದ್ದಿ ಹಲವು ದೇಶಗಳಿಂದ ಬಂತು.

ನಮ್ಮ ದೇಶದಲ್ಲೂ ಮರಣದಂಡನೆ ಇದೆ. 2012ರ ನವೆಂಬರ್ 21ರಂದು ಯರವಡಾ ಜೈಲಿನಲ್ಲಿ ಕಸಬ್‌ನನ್ನು ಗಲ್ಲಿಗೇರಿಸಿದ್ದು ಎಲ್ಲ ಮುಗಿದ ಮೇಲೆ ನಮಗೆ ತಿಳಿಯಿತು. ಅಷ್ಟು ಗುಟ್ಟು ಬೇಕಿತ್ತೇ ಅಂತ ಚರ್ಚೆ ಮಾಡೋಣ. ಆದರೆ ಅವನ ಮೇಲಿನ ಸಾಕ್ಷ್ಯವೆಲ್ಲ ಸುಪ್ರೀಂ ಕೋರ್ಟಿನ ತನಕ ದಾಖಲಾಗಿತ್ತು, ವಿಡಿಯೋ ಮಾತ್ರ ಇರಲಿಲ್ಲ. ಅಷ್ಟರ ಮಟ್ಟಿಗೆ ನಾವು ಸರಿಯಾಗಿ ನಡೆದುಕೊಂಡೆವು.

ಕೊನೆಯದಾಗಿ, ನಾವು ಇಲ್ಲಿ ಕೂತವರು ಬಹುಪಾಲು ಇದೇ ಫೋನು, ಇದೇ ಆ್ಯಪು, ಇದೇ ನೆಟ್‌ವರ್ಕ್ ಕಟ್ಟುವವರು. ಮುಂದಿನ ಸರ್ವಾಧಿಕಾರಿ ಬಿದ್ದ ದಿನ ಅಂಥದ್ದೊಂದು ವಿಡಿಯೋ ನಮ್ಮ ಗುಂಪಿಗೂ ಬಂದೇ ಬರುತ್ತದೆ. ಆಗ ಫಾರ್ವರ್ಡ್ ಒತ್ತಬೇಡಿ. ಅದರ ಬದಲು "ವಿಚಾರಣೆಯಲ್ಲಿ ಏನು ಹೊರಬಂತು?" ಅಂತ ಒಂದು ಸಾಲು ಬರೆದು ಕೇಳಿ. ಹಲಬ್ಜಾದವರಿಗೂ, ಕುವೈತಿನಿಂದ ಬ್ಯಾಗ್ ಹಿಡಿದು ಬಂದ ನಮ್ಮವರಿಗೂ ಬೇಕಾಗಿದ್ದ ಉತ್ತರ ಅದೇ.

ಒಪ್ಪದವರು ದಯವಿಟ್ಟು ಎದ್ದು ನಿಂತು ಕೇಳಿ, ಚರ್ಚೆ ಮಾಡೋಣ.